ಎರಡು ಕೈಗೆ ಒಂದು ಡೈವ್ ಕಂಪ್ಯೂಟರ್

ನಾನು ಒಂದು ಡೈವ್ ಕಂಪ್ಯೂಟರ್. ಮೇಜಿನ ಮೇಲೆ ಕೂತು ಬಸ್ಸಿನ ಟಿಕೆಟ್ ಕೊಡುವ ಪೈಕಿಯವನಲ್ಲ. ಸಮುದ್ರದೊಳಗೆ ಇಳಿಯುವವರ ಮುಂಗೈಯಲ್ಲಿ ಕೂತು ಜೀವ ಕಾಯುವವನು. ನೋಡುವುದಕ್ಕೆ ದಪ್ಪ ಕೈಗಡಿಯಾರದ ಹಾಗಿದ್ದೇನೆ. ಬೆಲೆ ಕೇಳಿದವರು ಮಾತ್ರ ಒಂದು ಸಲ ಕೆಮ್ಮುತ್ತಾರೆ. ಆ ಕೆಮ್ಮು ಕೇಳಿ ಕೇಳಿ ನನಗೆ ಸ್ವಲ್ಪ ಜಂಬ ಬಂದದ್ದೂ ಹೌದು.

ಹುಟ್ಟಿದ್ದು ಹೊರದೇಶದ ಕಾರ್ಖಾನೆಯಲ್ಲಿ. ಅಲ್ಲಿ ನನ್ನನ್ನು ನೀರು ತುಂಬಿದ ಉಕ್ಕಿನ ಪಾತ್ರೆಯೊಳಗೆ ಮುಳುಗಿಸಿ ಒತ್ತಡ ಏರಿಸುತ್ತ ಹೋದರು. ಪಕ್ಕದಲ್ಲಿದ್ದವನ ಗಾಜು ಟಪ್ಪೆಂದಿತು. ನನಗೇನೂ ಆಗಲಿಲ್ಲ. ಎಷ್ಟು ಆಳ, ಎಷ್ಟು ಹೊತ್ತು ಎಂದು ನೋಡುವುದು, ಆ ಆಳದಲ್ಲಿ ಉಸಿರಾಡಿದ ಗಾಳಿ ಮೈಯೊಳಗೆ ಎಷ್ಟು ಇಳಿದಿದೆ ಎಂದು ಲೆಕ್ಕ ಹಾಕುವುದು, ಸಾಕು, ನಿಧಾನಕ್ಕೆ ಮೇಲೆ ಬಾ ಎಂದು ತೋರಿಸುವುದು, ಇಷ್ಟೇ ನನ್ನ ಕೆಲಸ. ಲೆಕ್ಕ ತಪ್ಪಿ ಮೇಲೆ ಬಂದರೆ ಗೋಲಿ ಸೋಡಾದ ಗೋಲಿ ಒತ್ತಿದ ಹಾಗೆ ಆ ಗಾಳಿ ಮೈಯೊಳಗೇ ಗುಳ್ಳೆಯೇಳುತ್ತದೆ. ಕೀಲಿನಲ್ಲಿ ನಿಂತರೆ ನೋವು, ಬೆನ್ನುಹುರಿಯಲ್ಲಿ ನಿಂತರೆ ಕೈಕಾಲೇ ಹೋಗಬಹುದು. ಬೆಳಿಗ್ಗೆ ಇಳಿದ ಗಾಳಿ ಮಧ್ಯಾಹ್ನಕ್ಕೆಲ್ಲ ಪೂರ್ತಿ ಹೊರಗೆ ಹೋಗಿರುವುದಿಲ್ಲ. ಅದಕ್ಕೇ ಎರಡನೇ ಸಲ ಮುಳುಗುವಾಗ ಬೆಳಗಿನದನ್ನೂ ಸೇರಿಸಿಯೇ ಹೇಳುತ್ತೇನೆ. ಇದೊಂದು ಮಾತು ನೆನಪಿಟ್ಟುಕೊಳ್ಳಿ.

ನನ್ನ ಮೊದಲ ಯಜಮಾನರು ಹುಬ್ಬಳ್ಳಿಯ ಟೈಲ್ಸ್ ವ್ಯಾಪಾರಿ ಬಸವಂತಪ್ಪನವರು. ಬೇಕೋ ಬೇಡವೋ ಎಂದು ಒಂದು ಗಳಿಗೆಯೂ ಯೋಚಿಸಲಿಲ್ಲ. “ಇದ್ದದ್ರಾಗ ಭಾರೀದು ಕೊಡ್ರಿ” ಎಂದರು, ಮುಗಿಯಿತು. ಬೀಗರ ಮನೆಯ ಊಟಕ್ಕೂ ನನ್ನನ್ನು ಕಟ್ಟಿಕೊಂಡು ಹೋಗುತ್ತಿದ್ದರು. ಎಲೆಯ ಮುಂದೆ ಕೂತು ನಾನು ಆಳ ಸೊನ್ನೆ ಎಂದು ತೋರಿಸುತ್ತಿದ್ದೆ. ಕೊನೆಗೊಂದು ದಿನ ಮುರುಡೇಶ್ವರದ ಸಮುದ್ರಕ್ಕೆ ಇಳಿದರು, ಉಪ್ಪುನೀರು ಕುಡಿದರು, “ಯಪ್ಪಾ, ಇದರ ಸಹವಾಸ ಸಾಕ್ರಿ” ಎನ್ನುತ್ತ ಮೇಲೆ ಬಂದರು. ನನ್ನನ್ನು ಅಲ್ಲಿಯ ಡೈವಿಂಗ್ ಅಂಗಡಿಯಲ್ಲೇ ಮಾರಾಟಕ್ಕೆ ಬಿಟ್ಟು ಕಾರು ಹತ್ತಿದರು.

ಗಾಜಿನ ಪೆಟ್ಟಿಗೆಯೊಳಗೆ ಕೂತು ದಾರಿ ಕಾದೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಅದೇ ಅಂಗಡಿಯಲ್ಲಿ ಕೆಲಸಕ್ಕಿದ್ದ ಜಟ್ಟಪ್ಪ ಮೊಗೇರ ಹೋಗುವಾಗ ಬರುವಾಗ ನನ್ನನ್ನು ನೋಡುತ್ತಿದ್ದ. ಪ್ರವಾಸಿಗರನ್ನು ನೇತ್ರಾಣಿ ದ್ವೀಪದ ಹತ್ತಿರ ಮುಳುಗಿಸಿ ಬಣ್ಣದ ಮೀನು ತೋರಿಸುವುದು ಅವನ ಉದ್ಯೋಗ. ಅವನ ಹೆಂಡತಿಯ ತಮ್ಮ ಪುಂಡಲೀಕನೂ ಮುಳುಗುವವನೇ. ಯಾವುದಾದರೂ ಬೋಟಿನ ಬಲೆ ತಳದ ಕಲ್ಲಿಗೆ ಸಿಕ್ಕಿಕೊಂಡರೆ ಬಿಡಿಸಲು ಮೀನುಗಾರರು ಕರೆಯುತ್ತಿದ್ದದ್ದು ಇವರನ್ನೇ. ಇಬ್ಬರ ಹತ್ತಿರವೂ ಇದ್ದದ್ದು ಒಂದು ಮಾಮೂಲು ಗಡಿಯಾರ, ಮತ್ತೆ ತಾನು ಬಿಟ್ಟ ಸಣ್ಣ ಗುಳ್ಳೆಯನ್ನು ಹಿಂದೆ ಹಾಕಿ ಮೇಲೆ ಬರಬಾರದು ಎಂಬ ಹಳೆಯ ಪಾಠ.

ಒಂದು ದಿನ ಜಟ್ಟಪ್ಪ ಹೆಂಡತಿ ಮಾಸ್ತಮ್ಮನನ್ನೂ ಪುಂಡಲೀಕನನ್ನೂ ಅಂಗಡಿಗೆ ಕರೆತಂದ. ಮಾಸ್ತಮ್ಮ ಬಂದರಿನಲ್ಲಿ ಹರಿದ ಬಲೆ ಹೆಣೆಯುವವಳು. ಬಾಯಿ ಜೋರು, ಕೈ ಇನ್ನೂ ಜೋರು. ಬೆಲೆ ಕೇಳಿ ಕೆಮ್ಮಲಿಲ್ಲ. ನೇರ ಗಂಡನ ಮುಖ ನೋಡಿದಳು.

“ಮೂಗಿಗಿಂತ ಮೂಗುತಿ ಭಾರ ಆಯ್ತಲ್ರಾ! ಇಷ್ಟು ದುಡ್ಡಿಗೆ ಒಂದು ಇಂಜಿನ್ ಬತ್ತಿತ್ತು. ಇದೆಂತ, ಮೀನು ಹಿಡಿದು ಕೊಡ್ತದಾ?”

“ಮೀನು ಹಿಡಿದು ಕೊಡುದಿಲ್ಲ ಮಾರಾಯ್ತಿ. ನನ್ನ ಹಿಡಿದು ನಿನಗೆ ಕೊಡ್ತದೆ” ಎಂದ ಜಟ್ಟಪ್ಪ.

ಅವಳು ಅಂಗಡಿಯವರತ್ತ ತಿರುಗಿದಳು. ಅಗ್ಗದ್ದು ಇಲ್ಲವೇ ಎಂದು ಕೇಳಿದಳು. ಅವರು ಒಂದು ಕಪ್ಪು ಪ್ಲಾಸ್ಟಿಕ್ಕಿನ ಬಡಪಾಯಿಯನ್ನು ತೆಗೆದು ತೋರಿಸಿದರು. ಬಣ್ಣದ ಪರದೆಯಿಲ್ಲ, ದಿಕ್ಸೂಚಿಯಿಲ್ಲ. “ಜೀವ ಕಾಯುವ ಲೆಕ್ಕ ಮಾತ್ರ ಎರಡರದ್ದೂ ಒಂದೇ. ಇದರ ದುಡ್ಡಿನಲ್ಲಿ ಇಂಥವು ಎರಡು ಬರುತ್ತವೆ” ಎಂದರು. ನನಗೆ ಮೈಯೆಲ್ಲ ಉರಿಯಿತು. ಆ ಪ್ಲಾಸ್ಟಿಕ್ಕೂ ನಾನೂ ಒಂದೇ ತಕ್ಕಡಿಯಲ್ಲೇ?

ನನ್ನ ಮಾನ ಕಾಪಾಡಿದವನು ಪುಂಡಲೀಕ. “ಅಗ್ಗದ್ದು ಬೇಡ ಅಕ್ಕ, ಜೀವದ ವಿಚಾರ. ಒಳ್ಳೇದೇ ಒಂದು ತಕಂಬ. ಬಾವಂದು ಅರ್ಧ, ನನ್ನದು ಅರ್ಧ. ಪಾಲಿಗೆ.”

ಆ ದಂಡೆಯಲ್ಲಿ ದೋಣಿ ಪಾಲಿನದು, ಬಲೆ ಪಾಲಿನದು, ಹಿಡಿದ ಮೀನೂ ಪಾಲಿನದು. ಪಾಲಿಗೆ ಕೊಂಡರೆ ಬಡವನೂ ದೊಡ್ಡ ಬಲೆಯ ಯಜಮಾನ. ಹಾಗಿರುವಾಗ ಮುಂಗೈಯ ಯಂತ್ರ ಯಾಕೆ ಪಾಲಿನದಾಗಬಾರದು? ಮೂವರಿಗೂ ಸರಿ ಕಂಡಿತು. ಅಂಗಡಿಯವರು ಮಾತ್ರ ಬೆರಳೆತ್ತಿ ಹೇಳಿದರು: “ಒಂದು ದಿನಕ್ಕೆ ಒಂದೇ ಕೈ. ನಡುವೆ ಬದಲಿಸಲೇಬಾರದು.”

“ಬದಲಾಗುದಿಲ್ಲ. ಯಾರ ಪಾಳಿಯೋ ಅವರ ಕೈಗೆ ನಾನೇ ಕಟ್ಟುದು” ಎಂದಳು ಮಾಸ್ತಮ್ಮ.

ಹಾಗೆಯೇ ನಡೆಯಿತು. ಒಂದು ದಿನ ಗಂಡನ ಕೈ, ಮಾರನೆಯ ದಿನ ತಮ್ಮನ ಕೈ. ಜಟ್ಟಪ್ಪನದು ದಪ್ಪ ಮುಂಗೈ, ಪಟ್ಟಿಯ ಹೊರಗಿನ ತೂತು. ಪುಂಡಲೀಕನದು ಸಣ್ಣದು, ಎರಡು ತೂತು ಒಳಗೆ. ಅವಳು ಕಟ್ಟಿ, ಒಂದು ಸಲ ಎಳೆದು ನೋಡಿ, “ಹೋಗಿ ಬನ್ನಿ” ಎನ್ನುತ್ತಿದ್ದಳು. ನಾನೂ ಆ ಮನೆಯವನೇ ಆದೆ.

ಆ ದಿನ ಜಟ್ಟಪ್ಪನ ಪಾಳಿ. ಪ್ರವಾಸಿಗರ ಜೊತೆ ದ್ವೀಪದ ಬದಿಯಲ್ಲಿ ಹೆಚ್ಚು ಆಳಕ್ಕಿಳಿಯದೆ ಮೇಲೆ ಮೇಲೆಯೇ ಇದ್ದೆವು. ಅತ್ತ ಆಳದ ಕಲ್ಲಿಗೆ ಮೀನುಬೋಟು ನಡೆಸುವ ತಾಂಡೇಲ ಶನಿಯಾರನ ದೊಡ್ಡ ಬಲೆ ಸಿಕ್ಕಿಕೊಂಡು, ಪುಂಡಲೀಕ ಬೆಳಗಿನಿಂದ ಎರಡು ಸಲ ತಳಕ್ಕೆ ಹೋಗಿ ಬಂದಿದ್ದ. ಮಧ್ಯಾಹ್ನ ನಾವು ಆ ಬೋಟಿನ ಪಕ್ಕಕ್ಕೆ ಬಂದಾಗ ಗಾಳಿ ಏಳುತ್ತಿತ್ತು.

“ಇವತ್ತಿಗೆ ಸಾಕು, ಬಿಡು. ನಾಳೆ ಕಾಂಬ” ಎಂದ ಜಟ್ಟಪ್ಪ.

ಶನಿಯಾರ ತಲೆ ಚಚ್ಚಿಕೊಂಡ. “ನಾಳೆ ಎಲ್ಲಿ ಮಾರಾಯಾ? ಗಾಳಿ ತಿರುಗ್ತಾ ಉಂಟು. ರಾತ್ರಿಯೊಳಗೆ ಬಲೆ ಚಿಂದಿ. ಈ ಬೋಟಿನ ಅಷ್ಟೂ ಜನರ ಅನ್ನ ಅದು!”

“ಒಂದು ಮೂಲೆ ಮಾತ್ರ ಉಳಿದಿದ್ದು ಬಾವ. ಎಲ್ಲಿ ಸಿಕ್ಕಿದ್ದು ಅಂತ ನನಗೇ ಗೊತ್ತು. ನಾನೇ ಹೋತೆ” ಎಂದು ಪುಂಡಲೀಕ ಹೊಸ ಸಿಲಿಂಡರು ಬೆನ್ನಿಗೇರಿಸಿದ.

ಜಟ್ಟಪ್ಪ ಅವನ ಮುಖವನ್ನೂ ನೀರನ್ನೂ ನೋಡಿದ. ಆಮೇಲೆ ತನ್ನ ಕೈಯಿಂದ ನನ್ನನ್ನು ಬಿಚ್ಚಿದ. “ಹಂಗಾದ್ರೆ ಇದನ್ನ ಕಟ್ಕೊ. ಬೆಳಗಿಂದ ಇದಕ್ಕೆ ಎಂತ ಕೆಲಸವೂ ಇಲ್ಲ, ಮೇಲೆ ಮೇಲೆಯೇ ಇತ್ತು.” ವಿಶ್ರಾಂತಿ ಪಡೆದ ಇಂಜಿನ್ನು ಚೆನ್ನಾಗಿ ಓಡುತ್ತದಲ್ಲ, ಆ ಲೆಕ್ಕ ಅವನದು. ಕೊಟ್ಟದ್ದು ಪ್ರೀತಿಯಿಂದಲೇ, ಅದರಲ್ಲಿ ಎರಡು ಮಾತಿಲ್ಲ.

ಪಟ್ಟಿ ಎರಡು ತೂತು ಒಳಗೆ ಸರಿಯಿತು. ಅಯ್ಯೋ, ಇದು ಬೇರೆ ಕೈ! ಗೊತ್ತಾಗಿ ಏನು ಬಂತು? ನನಗಿರುವುದು ಅಂಕಿ, ನಾಲಿಗೆಯಲ್ಲ. ನಾನು ನೀರನ್ನು ಅಳೆಯಬಲ್ಲೆ, ರಕ್ತದೊಳಗೆ ಇಣುಕಲಾರೆ. ಎರಡು ಸಲ ತಳ ಕಂಡು ಬಂದ ಅವನ ಮೈಯ ಗಾಳಿ ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. ನನ್ನೊಳಗೆ ಇದ್ದದ್ದು ಜಟ್ಟಪ್ಪನ ಹಗುರವಾದ ಬೆಳಗು.

ಇಳಿದೆವು. ಬೆಳಕು ಹಸಿರಾಯಿತು, ಆಮೇಲೆ ಬೂದುಬಣ್ಣಕ್ಕೆ ತಿರುಗಿತು. ಬಲೆ ಕಲ್ಲಿನ ಸಂದಿಯಲ್ಲಿ ಬಿಗಿದು ನಿಂತಿತ್ತು. ಪುಂಡಲೀಕ ಚಾಕು ತೆಗೆದು ಎಳೆ ಎಳೆಯಾಗಿ ಕೊಯ್ಯತೊಡಗಿದ. ನಡುವೆ ಒಂದು ಸಲ ಕೈ ತಿರುಗಿಸಿ ನನ್ನನ್ನು ನೋಡಿದ. ಇನ್ನೂ ಬೇಕಾದಷ್ಟು ಹೊತ್ತಿದೆ ಎಂದು ತೋರಿಸಿದೆ. ಸಾಕು, ಹೋಗೋ, ಮೇಲೆ ಹೋಗೋ ಎಂದು ಒಳಗೊಳಗೇ ಕೂಗಿಕೊಂಡೆ. ಪರದೆಯ ಮೇಲೆ ಮಾತ್ರ ಎಲ್ಲ ಹಸಿರು, ಎಲ್ಲ ಸುಖ. ಗಡಿಯಾರ ಮಾತ್ರವೇ ಇದ್ದಿದ್ದರೆ ಅವನು ಹೆದರಿ ಆಗಲೇ ಮೇಲೇಳುತ್ತಿದ್ದ. ನಾನಿದ್ದೇನೆ ಎಂಬ ಧೈರ್ಯಕ್ಕೆ ಇನ್ನೊಂದಿಷ್ಟು ಹೊತ್ತು ನಿಂತ.

ಬಲೆ ಬಿಟ್ಟಿತು. ನಾನು ಹೇಳಿದಷ್ಟೇ ನಿಧಾನಕ್ಕೆ ಏರಿದ, ನಾನು ಹೇಳಿದಲ್ಲಿ ನಿಂತ, ನಾನು ಹೇಳಿದಷ್ಟು ಹೊತ್ತು ಕಾದ. ಪಾಪ, ಒಂದು ಮಾತನ್ನೂ ಮೀರಲಿಲ್ಲ.

ಬೋಟಿನವರು ಅವನನ್ನು ಎತ್ತಿ ಕುಣಿದರು. ದಡಕ್ಕೆ ಬರುವಾಗ ಅವನು ಎಡಭುಜ ಉಜ್ಜಿಕೊಳ್ಳುತ್ತಿದ್ದ.

“ಎಂತ ಆಯ್ತಾ?” ಎಂದ ಜಟ್ಟಪ್ಪ.

“ಎಂತ ಇಲ್ಲ ಬಾವ. ಬಲೆ ಎಳೆದದ್ದಲ್ದಾ.” ನನ್ನನ್ನು ಒಮ್ಮೆ ನೋಡಿ ನಿಶ್ಚಿಂತೆಯಿಂದ ಕಣ್ಣು ಮುಚ್ಚಿದ.

ಸಂಜೆ ಅಕ್ಕನ ಮನೆಯಲ್ಲಿ ಚಹಾದ ಲೋಟ ಅವನ ಎಡಗೈಯಿಂದ ಜಾರಿ ಬಿತ್ತು. ಎತ್ತಲು ಹೋದ; ಬೆರಳು ಮಡಚಲಿಲ್ಲ. ಮಾಸ್ತಮ್ಮನ ಮುಖ ಬಿಳುಚಿತು.

“ಹೆದರಬೇಡ ಅಕ್ಕ. ನೋಡು, ಎಲ್ಲ ಸರಿ ಅಂತ ಇದೇ ಹೇಳ್ತದೆ” ಎಂದು ಅವನು ನನ್ನನ್ನು ಅವಳ ಕಣ್ಣಿನ ಮುಂದೆ ಹಿಡಿದ.

ಅವಳು ನನ್ನ ಅಂಕಿ ನೋಡಲಿಲ್ಲ, ಪಟ್ಟಿಯ ತೂತು ನೋಡಿದಳು. “ಬೆಳಿಗ್ಗೆ ಇದನ್ನ ಇವರ ಕೈಗೆ ಕಟ್ಟಿದ್ದು ನಾನು. ನಿನ್ನ ಕೈಗೆ ಹ್ಯಾಂಗೆ ಬಂತು?”

ಜಟ್ಟಪ್ಪ ಬಾಗಿಲಲ್ಲೇ ಕುಸಿದು ಕೂತ. ಅವಳು ಅವನ ರಟ್ಟೆ ಹಿಡಿದು ಎಬ್ಬಿಸಿದಳು. “ಅಳುದು ಆಮೇಲೆ! ಗಾಡಿ ತನ್ನಿ!”

ಸಿಕ್ಕಿದ್ದು ಮೀನು ಸಾಗಿಸುವ ಗಾಡಿ. ಅಂಗಡಿಯಿಂದ ಆಕ್ಸಿಜನ್ ತಂದು ಪುಂಡಲೀಕನ ಮುಖಕ್ಕೆ ಹಿಡಿದು, ಅವನನ್ನು ಮಲಗಿಸಿಕೊಂಡು ಹೆದ್ದಾರಿ ಹಿಡಿದರು. ದಾರಿಯಲ್ಲಿ ಅವನ ಎಡಗಾಲೂ ಮರಗಟ್ಟಿತು. “ಪುಂಡಲೀಕಾ, ಮಾತಾಡ್ತಾ ಇರಾ, ನಿದ್ದೆ ಮಾಡಬೇಡ” ಎಂದು ಮಾಸ್ತಮ್ಮ ಅವನ ಕೆನ್ನೆ ತಟ್ಟುತ್ತಲೇ ಇದ್ದಳು. ದೂರದ ಊರಿನ ಆಸ್ಪತ್ರೆಯಲ್ಲಿ ಅವನನ್ನು ಒಂದು ಉಕ್ಕಿನ ಕೋಣೆಯೊಳಗೆ ಮಲಗಿಸಿ ಬಾಗಿಲು ಬಿಗಿದು, ಮೈಯೊಳಗಿನ ಗುಳ್ಳೆ ಕರಗಲೆಂದು ಒತ್ತಡ ಏರಿಸಿದರು. ನಾನು ಹುಟ್ಟಿದ ದಿನ ಕೂತಿದ್ದ ಪಾತ್ರೆಯೇ, ಮನುಷ್ಯ ಹಿಡಿಸುವಷ್ಟು ದೊಡ್ಡದು. ನನ್ನ ಪಕ್ಕದವನ ಗಾಜು ಟಪ್ಪೆಂದದ್ದು ನೆನಪಾಯಿತು.

ಹೊರಗೆ ಬೆಂಚಿನ ಮೇಲೆ ಮಾಸ್ತಮ್ಮ ನನ್ನನ್ನು ಮುಷ್ಟಿಯಲ್ಲಿ ಹಿಂಡುತ್ತ ಕೂತಿದ್ದಳು. ಗಂಡನನ್ನು ಬಯ್ಯಲಿಲ್ಲ. ಒಂದೇ ಮಾತು ಆಡಿದಳು: “ಅಗ್ಗದ್ದು ಎರಡು ಬತ್ತಿತ್ತು. ಎರಡು ಬತ್ತಿತ್ತಲ್ರಾ.”

ಪುಂಡಲೀಕ ಉಳಿದ. ಕಾಲು ಸರಿಯಾಯಿತು, ಎಡಗೈ ಬೆರಳುಗಳು ಮಾತ್ರ ಪೂರ್ತಿ ಮಾತು ಕೇಳುವುದಿಲ್ಲ. ಮುಳುಗುವ ಕೆಲಸ ಅಲ್ಲಿಗೆ ಮುಗಿಯಿತು. ಜಟ್ಟಪ್ಪ ಮತ್ತೆ ನನ್ನನ್ನು ಕೈಗೆ ಕಟ್ಟಲಿಲ್ಲ. ಕಪ್ಪು ಪ್ಲಾಸ್ಟಿಕ್ಕಿನ ಆ ಬಡಪಾಯಿಯನ್ನು ಕೊಂಡ. ಅದನ್ನು ಈಗಲೂ ಮಾಸ್ತಮ್ಮನೇ ಕಟ್ಟುತ್ತಾಳೆ. ಕಟ್ಟಿ, ಬಲೆ ಹೆಣೆಯುವ ದಾರದಿಂದ ಪಟ್ಟಿಗೆ ನಾಲ್ಕು ಹೊಲಿಗೆ ಹಾಕುತ್ತಾಳೆ. ಸಂಜೆ ಅವಳೇ ಬಿಚ್ಚಬೇಕು.

ನಾನೀಗ ಅದೇ ಅಂಗಡಿಯ ಮೇಜಿನ ಖಾನೆಯಲ್ಲಿದ್ದೇನೆ. ಬ್ಯಾಟರಿ ಸತ್ತು ಎಷ್ಟೋ ಕಾಲವಾಯಿತು, ಪರದೆಗೆ ಮಂಜು ಕವಿದಿದೆ. ಪುಂಡಲೀಕ ಅಲ್ಲೇ ಸಿಲಿಂಡರುಗಳಿಗೆ ಗಾಳಿ ತುಂಬುತ್ತಾನೆ. ಮೊನ್ನೆ ಹೊಸದಾಗಿ ಮುಳುಗಲು ಕಲಿತ ಗಂಡ ಹೆಂಡತಿ ಬಂದಿದ್ದರು. ಗಾಜಿನ ಪೆಟ್ಟಿಗೆಯಲ್ಲಿ ನನ್ನಂಥವನೇ ಹೊಸಬನೊಬ್ಬ ಹೊಳೆಯುತ್ತ ಕೂತಿದ್ದ.

“ಅಷ್ಟು ದುಡ್ಡು ಕೊಡಬಹುದಾ ಇದಕ್ಕೆ?” ಎಂದು ಗಂಡ ಕೇಳಿದ.

ಪುಂಡಲೀಕ ಖಾನೆ ಎಳೆದು ನನ್ನನ್ನು ಮೇಜಿನ ಮೇಲಿಟ್ಟ. “ಒಬ್ರಿಗಾ, ಇಬ್ರಿಗಾ?”

“ಇಬ್ಬರಿಗೂ ಒಂದು ಸಾಕು ಅಂತ.”

“ಬೇಡ ಸಾರ್. ಅಗ್ಗದ್ದು ಎರಡು ತಕಣಿ.”

ಮೊದಮೊದಲು ಈ ಮಾತಿಗೆ ನನಗೆ ಉರಿಯುತ್ತಿತ್ತು. ಈಗ ಇಲ್ಲ. ಅವನು ಎಡಗೈಯಿಂದ ನನ್ನನ್ನು ಎತ್ತಿ ಒಳಗಿಡಲು ನೋಡಿದ. ಬೆರಳು ಸಾಲದೆ ನಾನು ಮೇಜಿನ ಮೇಲೆ ಬಿದ್ದೆ. ಆ ಹೆಂಡತಿ ಅದನ್ನು ನೋಡಿದಳು. ಗಂಡನ ತೋಳು ಮುಟ್ಟಿ, “ಎರಡು ತೊಗೊಳ್ಳೋಣ” ಎಂದಳು. ಪುಂಡಲೀಕ ನನ್ನನ್ನು ಬಲಗೈಯಿಂದ ಎತ್ತಿ ಖಾನೆಯಲ್ಲಿಟ್ಟು ಮುಚ್ಚಿದ.