ಹೊಲದ ಯಂತ್ರಕ್ಕೆ ಪೂಜೆ

ಮಳೆ ನಿಂತು ಮೂಗೂರಿನ ರಾಗಿ ಹೊಲ ಪೂರ್ತಿ ಒಣಗಿತ್ತು. ಆದರೂ ಮಣ್ಣಿನ ತೇವ ಅಳೆಯಲು ಪವಿತ್ರಾ ಹೂತಿಟ್ಟ ಯಂತ್ರ ದಿನವೂ ಹಸಿ ಎಂದೇ ತೋರಿಸುತ್ತಿತ್ತು. ಹೀಗೇ ಆದರೆ ಅವಳ ಇಂಜಿನಿಯರಿಂಗ್ ಪಿಎಚ್‌ಡಿ ಮುಗಿಯುವ ಹಾಗಿರಲಿಲ್ಲ. ಕಾರಣ ಹುಡುಕಲು ಗೆಳತಿ ಸಂಘಮಿತ್ರಾಳ ಜೊತೆ ಬೆಳಿಗ್ಗೆಯೇ ಹೊಲಕ್ಕೆ ಬಂದರೆ, ಅಜ್ಜಿ ಮಂಚಮ್ಮ ಯಂತ್ರದ ಕಂಬಕ್ಕೆ ಕುಂಕುಮವಿಟ್ಟು ಬುಡಕ್ಕೆ ಚೊಂಬಿನ ನೀರು ಸುರಿಯುತ್ತಿದ್ದಳು.

“ಇದೇನಜ್ಜಿ, ದೇವ್ರಾ?” ಎಂದಳು ಪವಿತ್ರಾ.

“ದೇವ್ರಲ್ಲ ಅಂತ ನಂಗೊತ್ತಿಲ್ವಾ? ನೀನು ಪಾಸಾಗ್ಲಿ ಅಂತ ದಿನಾ ಮಾಡ್ತೀನಿ ಕಣವ್ವ.”

ಹಳ್ಳಿ ಪೂಜೆಗಳ ಮೇಲೆ ಸಂಶೋಧನೆ ಮಾಡುವ ಸಂಘಮಿತ್ರಾ ಆಗಲೇ ಫೋಟೊ ತೆಗೆಯುತ್ತಿದ್ದಳು. “ನಿನ್ ಪ್ರಯೋಗ ಕೆಟ್ರೂ ನನ್ ಪ್ರಬಂಧಕ್ಕೊಂದು ಅಧ್ಯಾಯ ಸಿಕ್ತು ಕಣೇ.”

ಪವಿತ್ರಾಳಿಗೆ ನಗು ಬಂತು. ಅಜ್ಜಿಯ ಕೈಯಿಂದ ಚೊಂಬು ತೆಗೆದುಕೊಂಡು, “ನಾಳೆಯಿಂದ ನೀರು ಬ್ಯಾಡ ಕಣಜ್ಜಿ. ಕುಂಕುಮ ಮಾತ್ರ ದಿನಾ ಇಡು,” ಎಂದಳು.