ಎಡಗಡೆಯ ಮುಂದಿನ ಗಾಲಿ

ಅಂಗಳಕ್ಕೆ ನೀರು ಹೊಡೆಯುವಾಗ ನಾನು ಮಾತಾಡುವುದಿಲ್ಲ. ಮಾತಾಡಲು ಆ ಹೊತ್ತಿಗೆ ಯಾರೂ ಎದ್ದಿರುವುದೂ ಇಲ್ಲ. ಅವತ್ತು ಮಾತ್ರ ಕಾಕಾ ಎದ್ದಿದ್ದರು. ಕಾರಿನ ಎಡಗಡೆಯ ಮುಂದಿನ ಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಗಾಲಿಯ ಹಿಂದೆ ಕೈ ತೂರಿಸಿ ಏನೋ ಕಟ್ಟುತ್ತಿದ್ದರು. ಕರಿ ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದರು. ನಾನು ಬಾಗಿಲ ಮರೆಗೆ ಸರಿದೆ. ಸಪ್ಪಳವಾದೀತೆಂದು ಕೊಡ ಕೆಳಗಿಡಲಿಲ್ಲ. ಅವರು ಆಚೀಚೆ ನೋಡಿ ಒಳಗೆ ಹೋದ ಮೇಲೆ ಬಗ್ಗಿ ನೋಡಿದೆ. ಗಾಲಿಯ ಹಿಂದಿನ ಒಂದು ಸಣ್ಣ ತಂತಿಗೆ ಎರಡು ಒಣಮೆಣಸಿನಕಾಯಿ, ಒಂದು ಹಳೆಯ ಚಪ್ಪಲಿ ಜೋತಾಡುತ್ತಿದ್ದವು. ಚಪ್ಪಲಿ ನಮ್ಮ ಆಯಿ, ಕಾಕಾನ ಅವ್ವ ಮರೆವ್ವನದು.

ದೃಷ್ಟಿಯಾಗಬಾರದೆಂದು ಲಾರಿಯವರು, ಟ್ರ್ಯಾಕ್ಟರಿನವರು ಕಟ್ಟುತ್ತಾರೆ. ಎಲ್ಲರ ಕಣ್ಣಿಗೆ ಬೀಳುವಂತೆ ಕಟ್ಟುತ್ತಾರೆ. ಕಾಕಾ ಹಾಗೆ ಕಟ್ಟುವಂತಿರಲಿಲ್ಲ. ಬಸಲಿಂಗಪ್ಪ ಮಾಸ್ತರೆಂದರೆ ಬೈಲಹೊಂಗಲದ ಸುತ್ತಮುತ್ತಲ ಸಾಲಿಗಳಲ್ಲಿ ಮೂಢನಂಬಿಕೆಯ ವಿರುದ್ಧ ಭಾಷಣ ಮಾಡಿ ಶಾಲು ಹೊದಿಸಿಕೊಳ್ಳುವವರು. ಈ ಸೆಕೆಂಡ್ ಹ್ಯಾಂಡ್ ಕಾರು ತಂದ ದಿನ ಆಯಿ ಲಿಂಬೆಹಣ್ಣು ಹಿಡಿದು ಹೊರಗೆ ಬಂದಾಗ, “ಶರಬತ್ ಮಾಡಬೇ ಅದನ್ನ. ಗಾಲಿಗೇನು ನೀರಡಿಕಿ ಆಗಿಲ್ಲ” ಎಂದು ಓಣಿಯನ್ನೆಲ್ಲ ನಗಿಸಿದ್ದರು. ಆಯಿ ಶರಬತ್ತೇ ಮಾಡಿದ್ದಳು. ಆಮೇಲೆ ಅವರ ಸಾಲಿಯ ಇನ್ನೊಬ್ಬ ಮಾಸ್ತರರ ಕಾರು ಹೈವೇಯಲ್ಲಿ ಲಾರಿಗೆ ತಾಗಿತು. ವಿಜ್ಞಾನ ಅಲ್ಲಿಗೆ ಮುಗಿಯಿತು.

ಅವತ್ತು ಬೆಳಗಾದ ಮೇಲೆ ಆಯಿ ಉಳಿದ ಒಂದು ಚಪ್ಪಲಿ ಹಿಡಿದು ಓಣಿಯ ನಾಯಿಗಳನ್ನೆಲ್ಲ ಬೈದಳು. “ನಾಕ ಕಾಲಿನ ನಾಯಿಗೆ ಒಂದ ಚಪ್ಪಲಿ ಯಾಕ ಬೇಕಾತೋ, ಭಾಡ್ಯಾ?” ಕಾಕಾ ಪೇಪರಿನಿಂದ ಮುಖ ಎತ್ತಲಿಲ್ಲ.

ವಾರ ಕಳೆಯುವುದರೊಳಗೆ ಕಾರಿನಲ್ಲಿ ಎಬಿಎಸ್ ಎಂಬ ಹಳದಿ ದೀಪ ಹತ್ತಿಕೊಂಡಿತು.

ಕಾರು ಓಡಿಸುವವನು ನಮ್ಮಣ್ಣ ಸುನೀಲ. ಪುಕ್ಕಟೆ ಓಡಿಸುತ್ತಿದ್ದ. ರಾಮದುರ್ಗದಲ್ಲಿ ಸಾಲಿ ಬಸ್ಸುಗಳನ್ನು ಇಟ್ಟಿರುವ ದುರ್ಗಪ್ಪ ಕಾಕಾನ ಗೆಳೆಯ. ಅವನಿಗೊಬ್ಬ ಡ್ರೈವರ್ ಬೇಕಾಗಿತ್ತು. ಕಾಕಾ ಒಂದು ಮಾತು ಹೇಳಿದರೆ ಅಣ್ಣನಿಗೆ ನೌಕರಿ. ಆ ಒಂದು ಮಾತಿಗಾಗಿ ಅಣ್ಣ ಕಾಕಾನ ಭಾಷಣಗಳನ್ನೆಲ್ಲ ಹಿಂದಿನ ಬೆಂಚಿನಲ್ಲಿ ಕೂತು ಕೇಳಿದ್ದ. ನಾನು ನೀರಿನ ಬಾಟ್ಲಿ, ಶಾಲು ಹಿಡಿಯಲು ಜೊತೆಗೆ ಹೋಗುತ್ತಿದ್ದೆ.

ಕಿತ್ತೂರಿನ ಗ್ಯಾರೇಜಿನ ಸಂಜು ಸ್ಟೇರಿಂಗಿನ ಕೆಳಗೆ ಒಂದು ಮಷೀನು ಸಿಕ್ಕಿಸಿ ಓದಿದ. “ಮುಂದಿನ ಎಡ ಗಾಲಿ ಸೆನ್ಸರ್ ರೀ ಸರ್. ಗಾಲಿ ಎಷ್ಟು ತಿರಗತೈತಿ ಅಂತ ಸುದ್ದಿನ ಬರವಲ್ದು. ಸುದ್ದಿ ಇಲ್ಲಂದ್ರ ಎಬಿಎಸ್ ಮಕ್ಕೊಂಡಬಿಡತೈತಿ. ಜೋರ ಬ್ರೇಕ್ ಹೊಡದ್ರ ಗಾಲಿ ಗಪ್ಪನ ಹಿಡಕೊಂಡು ಗಾಡಿ ಜಾರತೈತಿ.”

ಅವನು ಜ್ಯಾಕ್ ಎತ್ತಿಕೊಂಡು ಎಡಗಡೆಗೆ ನಡೆದ. ಕಾಕಾ ಅವನಿಗಿಂತ ಮೊದಲು ಹೋಗಿ ಆ ಗಾಲಿಗೆ ಅಡ್ಡ ನಿಂತರು.

“ಎಡ ಅಂದ್ರ ಯಾರ ಎಡನೋ?”

“ಗಾಡಿ ಎಡ ರೀ ಸರ್. ಡ್ರೈವರ್ ಬಾಜೂಕ ಕುಂಡ್ರತಾರಲ್ಲ, ಆ ಕಡೆ.”

“ಎಡ-ಬಲ ಎಲ್ಲಾ ಸಾಪೇಕ್ಷ ಅಂತ ಕಲಿಸಿಲ್ಲೇನು ನಿನಗ? ಎದುರಿಗೆ ನಿಂತು ನೋಡು. ಎಡ ಯಾವುದು? ಅದು!” ಎಂದು ಡ್ರೈವರ್ ಕಡೆಯ ಗಾಲಿಗೆ ಬೆರಳು ಮಾಡಿದರು.

ಸಂಜು ಒಂಬತ್ತನೇ ಇಯತ್ತೆಯಲ್ಲಿ ಕಾಕಾನ ಬೆತ್ತ ತಿಂದವನು. ಜ್ಯಾಕ್ ಆ ಕಡೆ ಒಯ್ದು, ಚಲೋ ಇದ್ದ ಸೆನ್ಸರ್ ಬಿಚ್ಚಿದ. ಅದರಿಂದ ಹೊರಟ ಸಣ್ಣ ತಂತಿ ನೋಡಿದ ಕೂಡಲೇ ನನಗೆ ಗುರುತು ಹತ್ತಿತು. ಕಾಕಾ ದಾರ ಕಟ್ಟಿದ್ದು ಇಂಥದ್ದೇ ತಂತಿಗೆ.

“ಕಾಕಾ, ಆ ಕಡೆ ಗಾಲಿಗೆ...” ಎಂದೆ.

“ಎಂಟನೇತ್ತೆಗೆ ಸಾಲಿ ಬಿಟ್ಟಾಕಿ ನೀ. ಸುಮ್ಮ ಬಾಟ್ಲಿ ಹಿಡಿ.”

ಬಾಟ್ಲಿ ಹಿಡಿದೆ. ಹೊಸ ಸೆನ್ಸರ್ ಹಾಕಿದ ಮೇಲೂ ದೀಪ ಉರಿಯುತ್ತಲೇ ಇತ್ತು. ಸಂಜು ತಲೆ ಕೆರೆದುಕೊಂಡು, “ಗಾಡಿ ಕಂಪ್ಯೂಟರ್‌ನ ಕೆಟ್ಟಿರಬೇಕ್ರಿ” ಎಂದ.

ಮರುದಿನ ಕಾರು ಒರೆಸುವಾಗ ಮತ್ತೆ ಬಗ್ಗಿದೆ. ಚಪ್ಪಲಿ ಜಗ್ಗಿ ಜಗ್ಗಿ ತಂತಿ ತನ್ನ ಕ್ಲಿಪ್ಪಿನಿಂದ ಕಳಚಿಕೊಂಡಿತ್ತು. ಗಾಲಿಗೆ ಉಜ್ಜಿ ಮೇಲಿನ ಸಿಪ್ಪೆ ಹೋಗಿ, ಒಳಗಿನ ತಾಮ್ರ ಹರಿದಿತ್ತು. ಅಣ್ಣನಿಗೆ ತೋರಿಸಿದೆ. ಅವನು ಬಗ್ಗಿ ನೋಡಿ ನನ್ನ ಕೈ ಹಿಂದಕ್ಕೆ ಸರಿಸಿದ.

“ಮುಟ್ಟಬ್ಯಾಡ. ಅವರ ಮರ್ಯಾದಿ ತಗದ್ರ ನನ್ನ ನೌಕರಿ ಎಲ್ಲಿಂದ ಬರತೈತಿ? ದುರ್ಗಪ್ಪ ನನ್ನ ನೋಡಾಕ ಬಂದು ಹೋಗಲಿ.”

ನಡುವೆ ಉಗರಗೋಳದಲ್ಲಿ ಭಾಷಣವಿತ್ತು. ಕಾಕಾ ಹೆದರಿಕೆಯೇ ಎಲ್ಲ ಮೂಢನಂಬಿಕೆಯ ತಾಯಿ ಎಂದರು. ಚಪ್ಪಾಳೆ ಬಿತ್ತು, ಶಾಲು ಬಂತು. ತಿರುಗಿ ಬರುವಾಗ ದಾರಿಗೆ ಕುರಿ ಹಿಂಡು ನುಗ್ಗಿತು. ಅಣ್ಣ ಬ್ರೇಕ್ ಒತ್ತಿದ. ಗಾಲಿಗಳು ಹಿಡಿದುಕೊಂಡವು. ಕಾರು ಉಸುಕಿನ ಮೇಲೆ ಅಡ್ಡಡ್ಡ ಜಾರಿ, ಸಣ್ಣ ಸೇತುವೆಯ ಅಂಚಿಗೆ ಹೋಗಿ ನಿಂತಿತು. ಒಂದು ಟಗರು ಗಾಜಿನೊಳಗೆ ಇಣುಕಿ ಕಾಕಾನನ್ನು ನೋಡಿತು. ಕಾಕಾ ಕಣ್ಣು ಮುಚ್ಚಿ “ಯವ್ವಾ ಎಲ್ಲವ್ವಾ” ಎಂದು ದೇವಿಯನ್ನು ಕರೆಯುತ್ತಿದ್ದರು. ಕಣ್ಣು ತೆರೆದ ಮೇಲೆ, “ಬ್ರೇಕ್ ಹೆಂಗ ಒತ್ತಬೇಕಂತ ಗೊತ್ತಿಲ್ಲೇನಲೇ?” ಎಂದು ಅಣ್ಣನ ಮೇಲೆ ಹರಿಹಾಯ್ದರು.

ಅಲ್ಲಿಂದ ಮುಂದೆ ಸವದತ್ತಿಯಲ್ಲಿ ಸಂದೀಪ ಎನ್ನುವ ಮೆಕ್ಯಾನಿಕ್ ನೇರ ಎಡಗಾಲಿಗೇ ಜ್ಯಾಕ್ ತಂದ. “ಹೊತ್ತಾತು ತಮ್ಮಾ. ಮೊದಲ ಆ ದೀಪ ಕಾಣದಂಗ ಮಾಡು” ಎಂದರು ಕಾಕಾ. ಅವನು ದೀಪದ ಮೇಲೆ ಕರಿ ಟೇಪ್ ಅಂಟಿಸಿದ.

“ದೀಪ ಆರಿಲ್ರಿ ಸರ್. ಕಾಣವಲ್ದು ಅಷ್ಟ.”

“ಅಷ್ಟ ಸಾಕು.”

ದುರ್ಗಪ್ಪ ಬಂದ ದಿನ ಅಂಗಳದಲ್ಲೇ ಕುರ್ಚಿ ಹಾಕಿದೆವು. ಕಾರು ಪಕ್ಕದಲ್ಲೇ ನಿಂತಿತ್ತು. ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಂಬಕ್ಕೆ ಆತು ನಿಂತಿದ್ದ. ಆಯಿ ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಅಣ್ಣನದು ಮೆಟ್ಟಿಕೊಂಡು ಕಟ್ಟೆಯ ಮೇಲಿದ್ದಳು. ನಾನು ಚಹಾ ಕೊಟ್ಟೆ.

“ಹುಡುಗ ಹೆಂಗದಾನ್ರಿ ಮಾಸ್ತರ?” ದುರ್ಗಪ್ಪ ಕೇಳಿದ.

“ಹುಡುಗ ಚಲೋ ಅದಾನ,” ಕಾಕಾ ಚಹಾ ಗುಟುಕರಿಸಿದರು. “ಆದ್ರ ಸುಳ್ಳು ಹೇಳವ ಅಲ್ಲ ನಾ. ಬ್ರೇಕ್ ಮ್ಯಾಲೆ ಕಾಲಿನ ಹದ ಇಲ್ಲ. ನನ್ನ ಗಾಡಿ ಎಬಿಎಸ್ ಕೆಡಿಸ್ಯಾನ. ಸಣ್ಣ ಮಕ್ಕಳನ್ನ ಕೈಯಾಗ ಕೊಡೂದಂದ್ರ... ವಿಚಾರ ಮಾಡ್ರಿ.”

ಅಣ್ಣ ಕಂಬ ಬಿಟ್ಟು ನೇರ ನಿಂತ. ದುರ್ಗಪ್ಪ ಕಪ್ಪು ಕೆಳಗಿಟ್ಟು ಏಳಲು ಮೊಣಕಾಲಿಗೆ ಕೈ ಊರಿದ.

“ಕಾಕಾ,” ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. “ಆ ಎಡಗಾಲಿ ಹಿಂದ ಎಬಿಎಸ್ ತಂತಿಗೆ ಕಟ್ಟೀರಲ್ಲರಿ, ಆಯಿ ಚಪ್ಪಲಿ.”

ಆಯಿ ತನ್ನ ಕಾಲು ನೋಡಿಕೊಂಡಳು. ದುರ್ಗಪ್ಪ ಕಾರಿನ ಕಡೆ ತಿರುಗಿದ. ಕಾಕಾ ಖಾಲಿಯಾದ ಕಪ್ಪನ್ನು ಊದುತ್ತಿದ್ದರು.

“ಅದನ್ನ ಬಿಚ್ಚಿ ಆಯಿಗೆ ಕೊಡ್ರಿ, ಕಾಕಾ.”