ಚಿಟಿಕೆ ಚಿಕ್ಕಮ್ಮನ ಬೆನ್ನಿನ ಬದಿ

ಬೀರುವಿನ ಮೇಲಿದ್ದ ಹಳೇ ಹಾಳೆಗಳ ಕಟ್ಟನ್ನು ಮೈದುನ ಇಳಿಸಿದ ರಭಸಕ್ಕೆ, ಅವಳು ಆಗಷ್ಟೇ ಮಡಿಸಿಟ್ಟಿದ್ದ ಬಟ್ಟೆಗಳ ಮೇಲೆಲ್ಲ ಧೂಳು ಕೂತಿತು.

“ಅತ್ತಿಗೆ, ಇದರ ಹಿಂಬದಿ ಪೂರಾ ಖಾಲಿ ಇದೆ. ಒಳ್ಳೇ ದಪ್ಪ ಕಾಗದ. ಚಪ್ಪಲಿ ಜಾಹೀರಾತಿಗೆ ಚಿತ್ರ ಬಿಡಿಸೋಕೆ ಆಗುತ್ತೆ. ತಗೊಂಡು ಹೋಗ್ಲಾ?”

“ಮುಂದಿನ ಬದಿ ಏನಿದೆ ಅಂತ ನೋಡಿದ್ಯಾ?”

“ನಾನೇ ಬಿಡಿಸಿದ್ದಲ್ವಾ, ನೋಡೋದೇನು? ಚಿಟಿಕೆ ಚಿಕ್ಕಮ್ಮ.”

ಆ ಹೆಸರು ಕೇಳಿದರೆ ಇವತ್ತಿಗೂ ಅವಳ ಮೈ ಉರಿಯುತ್ತಿತ್ತು. ಅವಳು ಬರೆದ ಕಾಮಿಕ್ಸ್‌ಗಳಲ್ಲಿ ತನ್ನದು ಎಂದು ಮನಸ್ಸಿಟ್ಟು ಕಟ್ಟಿದ್ದು ಅದೊಂದೇ. ಚಿಕ್ಕಮ್ಮ ಚಿಟಿಕೆ ಹೊಡೆದರೆ ಕಾಲ ನಿಂತುಬಿಡುತ್ತದೆ; ಅವಳೊಬ್ಬಳೇ ಓಡಾಡಬಲ್ಲಳು. ಬೀಳುವ ಮಗುವನ್ನು ಹಿಡಿಯುತ್ತಾಳೆ, ಉಕ್ಕುವ ಹಾಲನ್ನು ಇಳಿಸುತ್ತಾಳೆ. ಹಸುಗೂಸಾಗಿದ್ದ ಮಗಳನ್ನು ಒಂದು ತೊಡೆಯ ಮೇಲೆ ಮಲಗಿಸಿಕೊಂಡು, ಇನ್ನೊಂದರ ಮೇಲೆ ರಟ್ಟು ಇಟ್ಟುಕೊಂಡು ಬರೆದ ಕಥೆ ಅದು. ಸರಣಿಯ ಮೊದಲ ಕಂತನ್ನು ಮೈದುನ ಪೂರ್ತಿ ಬಿಡಿಸಿದ ಮೇಲೆ ಇಬ್ಬರೂ ಮಕ್ಕಳ ಪತ್ರಿಕೆಯೊಂದರ ಕಚೇರಿಗೆ ಹೋಗಿದ್ದರು. ಸಂಪಾದಕರು ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ನೋಡಿದ್ದರು.

“ಇದ್ರಲ್ಲಿ ಎಲ್ರೂ ಯಾಕೆ ಸುಮ್ನೆ ನಿಂತಿದಾರೆ?”

“ಕಾಲ ನಿಂತಿದೆ ಸರ್.”

“ಸರಿ. ಇದ್ರಲ್ಲಿ?”

“ಅದ್ರಲ್ಲಿ ಕಾಲ ಓಡ್ತಿದೆ ಸರ್.”

“ಇದ್ರಲ್ಲೂ ನಿಂತೇ ಇದಾರಲ್ಲಮ್ಮ!”

ಅವಳು ಹಾಳೆಗಳನ್ನು ತನ್ನತ್ತ ತಿರುಗಿಸಿಕೊಂಡು ನೋಡಿದ್ದಳು. ಹೌದು, ನಿಂತೇ ಇದ್ದರು. ಕಾಮಿಕ್ಸ್‌ನಲ್ಲಿ ಎಲ್ಲರೂ ಯಾವಾಗಲೂ ನಿಂತೇ ಇರುತ್ತಾರೆ. ಓಡುವವನೂ ಒಂದು ಕಾಲೆತ್ತಿಕೊಂಡು ನಿಂತಿರುತ್ತಾನೆ. ಮೊದಲೇ ಎಲ್ಲ ನಿಂತುಹೋದ ಊರಿಗೆ, ಕಾಲ ನಿಲ್ಲಿಸುವವಳನ್ನು ಕರೆದುಕೊಂಡು ಬಂದಂತಾಗಿತ್ತು. ಇಷ್ಟು ಕಣ್ಣಿಗೆ ರಾಚುವ ಸಂಗತಿ ಬರೆದವಳಿಗೂ ಹೊಳೆದಿರಲಿಲ್ಲ, ಬಿಡಿಸಿದವನಿಗೂ ಹೊಳೆದಿರಲಿಲ್ಲ!

ಆಮೇಲೆ ಪಟ್ಟ ಪಾಡು ಯಾರಿಗೂ ಬೇಡ. ನಿಂತ ಕಾಲಕ್ಕೆ ನೀಲಿ ಬಣ್ಣ ಕೊಡೋಣ ಎಂದರೆ ಪತ್ರಿಕೆ ಕಪ್ಪುಬಿಳುಪು. ಓರೆಯಾಗಿ ಗೆರೆ ಎಳೆದುಕೊಟ್ಟರೆ, ಮಳೆ ಯಾಕೆ ಬರ್ತಿದೆ ಎಂದು ಕೇಳಿದರು. ಪ್ರತಿ ಚಿತ್ರದಲ್ಲೂ ಒಂದೊಂದು ಗಡಿಯಾರ ತೂಗುಹಾಕಿದರೆ, ಇವಳು ಗಡಿಯಾರ ಮಾರೋಳಾ ಎಂದರು. ಕಡೆಗೆ ಸಂಪಾದಕರು, “ಒಂದು ಕೆಲ್ಸ ಮಾಡಿ, ಮೊಲದ್ದು ಏನಾದ್ರೂ ಬರೀರಿ” ಎಂದು ಕೈತೊಳೆದುಕೊಂಡರು. ಅಂದಿನಿಂದ ಅವಳು ಮೊಲ ಬರೆಯುತ್ತಿದ್ದಾಳೆ. ಒಂದು ತಿಂಗಳು ಮೊಲದ ಟೋಪಿ ಕಳೆಯುತ್ತದೆ, ಮರುತಿಂಗಳು ಸಿಗುತ್ತದೆ. ಆ ಮೊಲ ಕನಸಿನಲ್ಲಿ ಬಂದರೆ ಕತ್ತು ಹಿಸುಕಬೇಕು ಅನ್ನಿಸುತ್ತದೆ.

“ತಗೊಂಡು ಹೋಗು,” ಎಂದಳು, ಬಟ್ಟೆ ಕೊಡವುತ್ತ. “ಅವಳ ಬೆನ್ನಾದ್ರೂ ಯಾರಿಗಾದ್ರೂ ಉಪಯೋಗಕ್ಕೆ ಬರ್ಲಿ.” ಹೇಳಿದ ಮೇಲೆ, ಕೊಡವಿದ ಬಟ್ಟೆಯನ್ನೇ ಮತ್ತೆ ಕೊಡವಿದಳು.

ಕಿಟಕಿಯ ಪಕ್ಕ ಕೂತಿದ್ದ ಅತ್ತೆ, ಕಟ್ಟಿನಿಂದ ಜಾರಿಬಿದ್ದ ಹಾಳೆಗಳನ್ನು ಎತ್ತಿಕೊಂಡು ಕನ್ನಡಕ ಸರಿಮಾಡಿಕೊಂಡರು.

“ಇವಳ್ಯಾಕೆ ಹೀಗೆ ಬೆರಳೆತ್ಕೊಂಡು ನಿಂತಿದಾಳೆ?”

“ಚಿಟಿಕೆ ಹೊಡೆದಿದಾಳೆ ಅತ್ತೆ. ಕಾಲ ನಿಂತಿದೆ.” ಇದನ್ನು ಇನ್ನೂ ಎಷ್ಟು ಜನಕ್ಕೆ ಹೇಳಬೇಕೋ!

“ಎಲ್ಲಾನೂ ನಿಂತಿದ್ಯಾ?”

“ಎಲ್ಲಾನೂ.”

“ಮತ್ತೆ ಈ ಮೀಸೆಯೋನ ಮಾತ್ಯಾಕೆ ನಿಂತಿಲ್ಲ? ಪಾಪ ಆ ಹುಡುಗೀನ ಪೂರ್ತಿ ಬೈದು ಮುಗಿಸೇಬಿಟ್ಟಿದಾನೆ. ಅರ್ಧಕ್ಕೆ ನಿಲ್ಬೇಕಲ್ವಾ?”

ಅವಳು ಹಾಳೆ ಕಿತ್ತುಕೊಂಡಳು. ಮೀಸೆಯವನ ಬಾಯಿಂದ ಹೊರಟ ಮಾತಿನ ಗುಳ್ಳೆಯೊಳಗೆ ‘ನಿನ್ನ ಕೈಲಿ ಒಂದು ಕೆಲಸವೂ ಆಗಲ್ಲ’ ಎಂದು ದುಂಡಾಗಿ ಬರೆದಿತ್ತು. ಕಾಲ ನಿಂತರೆ ಮಾತೂ ತುಂಡಾಗಬೇಕು. ‘ನಿನ್ನ ಕೈಲಿ ಒಂದು ಕೆ’ ಅಷ್ಟೇ. ಗುಳ್ಳೆ ಹುಡುಗಿಯ ಕಿವಿ ಮುಟ್ಟದೆ ಗಾಳಿಯಲ್ಲೇ ನೇತಾಡಬೇಕು, ಕೈಗೆ ಸಿಗುವ ವಸ್ತುವಿನ ಹಾಗೆ. ಚಿಕ್ಕಮ್ಮ ಅದನ್ನು ಎತ್ತಿ ಕಿಟಕಿಯಾಚೆ ಎಸೆಯಬಹುದು. ಬೇಕಾದರೆ ಅದರ ಮೇಲೆ ಒದ್ದೆ ಬಟ್ಟೆಯನ್ನೂ ಒಣಹಾಕಬಹುದು! ಆಗ ಯಾವ ಸಂಪಾದಕರು ಕೇಳುತ್ತಾರೆ, ಯಾವುದು ಓಡುವ ಕಾಲ, ಯಾವುದು ನಿಂತ ಕಾಲ ಎಂದು?

ಬೆಳಿಗ್ಗೆ ಬಸ್ಸು ತಪ್ಪುತ್ತದೆಂದು ತಾನೇ ಮಗಳ ಮೇಲೆ ರೇಗಿದ್ದು ನೆನಪಾಯಿತು. ಹೆಚ್ಚುಕಡಿಮೆ ಮೀಸೆಯವನ ಮಾತೇ. ಅದು ಆ ಪುಟ್ಟ ಕಿವಿ ತಲುಪುವ ಮುಂಚೆ ಯಾರಾದರೂ ಒಂದು ಚಿಟಿಕೆ ಹೊಡೆದಿದ್ದರೆ!

“ಇಷ್ಟು ವರ್ಷ ಯಾಕೆ ಬಾಯಿ ಬಿಡ್ಲಿಲ್ಲ ನೀವು?” ಎಂದು ಅತ್ತೆಯ ಮೇಲೆಯೇ ಹರಿಹಾಯ್ದಳು.

“ನೀನು ಯಾವತ್ತು ಓದೋಕೆ ಕೊಟ್ಟಿದ್ದೆ? ಮುದುಕಿಗೇನು ಗೊತ್ತಾಗುತ್ತೆ ಅಂತ ಬೀರು ಹತ್ತಿಸಿಟ್ಟಿದ್ದೆ.”

ಅಷ್ಟರಲ್ಲಿ ಮೈದುನ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಿಗೆ ಹೋಗಿಯಾಗಿತ್ತು.

“ನಿಲ್ಲೋ!”

ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ಇನ್ನೊಂದು ಕಾಲೆತ್ತಿದ್ದವನು ಹಾಗೇ ನಿಂತ.

“ಕಟ್ಟು ಬಿಚ್ಚು. ಮಾತೆಲ್ಲ ಅರ್ಧಕ್ಕೆ ತುಂಡಾಗ್ಬೇಕು, ಗುಳ್ಳೆ ಕೈಗೆ ಸಿಗ್ಬೇಕು. ಎಲ್ಲಾ ಹೊಸದಾಗಿ ಬಿಡಿಸು.”

“ಎಲ್ಲಾನಾ? ಅತ್ತಿಗೆ, ನಿಮಗೆ ದಮ್ಮಯ್ಯ ಅಂತೀನಿ. ಯಾರು ತಗೋತಾರೆ ಇದನ್ನ?”

“ಯಾರಿಗ್ಗೊತ್ತು! ಯಾರೂ ತಗೊಳ್ದೇನೂ ಇರ್ಬಹುದು.”

“ಕಾಗದಕ್ಕೇನು ಮಾಡ್ಲಿ?”

“ಹಿಂಬದಿ ಖಾಲಿ ಇದೆ ಅಂದ್ಯಲ್ಲ. ಅಲ್ಲೇ ಬಿಡಿಸು.”

ಅವನು ಮುಖ ಗಂಟಿಕ್ಕಿಕೊಂಡು ಚಪ್ಪಲಿ ಕಳಚಿದ. ಅತ್ತೆ ಆಗಲೇ ಮುಂದಿನ ಹಾಳೆ ಹಿಡಿದುಕೊಂಡಿದ್ದರು.

“ಇಲ್ನೋಡ್ರೋ, ಈ ನಾಯೀನೂ ಪೂರ್ತಿ ಬೊಗಳಿ ಮುಗಿಸಿದೆ.”